ಒಂಬತ್ತು ಸಲ ನೋಡಿದ ಡ್ಯೂಕ್

ಆ ಗುರುವಾರ ಲಯನೆಲ್ ಬರ್ಡೆಟ್‌ಗೆ ಬಂದ ಕಷ್ಟಕ್ಕೆಲ್ಲ ಕಾರಣ, ಬೆಳಿಗ್ಗೆ ಎಂಟೂಕಾಲಿಗೆ ತನ್ನ ಮನೆಯ ಗೇಟಿನಲ್ಲಿ ನಿಂತು ಅವನು ಹೇಳಿದ ಒಂದು 'ಹೌದು'.

ಕೇಳಿದವರು ಮಿಸ್ ಪ್ರಾಕ್ಟರ್. ಅವನಿಗೆ ಮಗ್ಗಿ ಕಲಿಸಿದ ಹೆಡ್‌ಮಿಸ್ಟ್ರೆಸ್, ಈಗ ಥಾರ್ನ್‌ಬೆಕ್ ನಾಟಕ ಸಂಘದ ನಿರ್ದೇಶಕಿ. ಲಯನೆಲ್‌ಗೆ ಐವತ್ತೆರಡು ತುಂಬಿದ್ದರೂ ಅವರನ್ನು ಕಂಡರೆ ಕೈಗಳು ತಾವಾಗಿ ಬೆನ್ನ ಹಿಂದೆ ಹೋಗಿ ಕಟ್ಟಿಕೊಳ್ಳುತ್ತಿದ್ದವು.

"ಡ್ಯೂಕ್ ಪಾತ್ರಕ್ಕೆ ನೀನೂ ಹೆಸರು ಕೊಟ್ಟಿದೀಯಂತೆ. ಪೆನ್‌ರೋಸ್ ಮಾಡಿದ ಸಿನಿಮಾ ನೋಡಿದೀಯ ತಾನೆ?"

"ಹೌದು ಮೇಡಂ."

"ಎಷ್ಟು ಸಲ?"

ಲಯನೆಲ್‌ನ ಕಣ್ಣು ಗೇಟಿನ ಮೇಲಿದ್ದ ಮನೆಯ ನಂಬರಿಗೆ ಬಿತ್ತು. "ಒಂಬತ್ತು," ಎಂದ.

ಮಿಸ್ ಪ್ರಾಕ್ಟರ್ ಅವನನ್ನು ಮೊದಲ ಸಲ ಸ್ವಲ್ಪ ಮರ್ಯಾದೆಯಿಂದ ನೋಡಿದರು. ಹಾಗಾದರೆ ಸಂಜೆ ಆರಕ್ಕೆ ಹಾಲ್‌ನಲ್ಲಿ ಪೆನ್‌ರೋಸನ ಆ ಗರ್ಜನೆ ಹೊಟ್ಟೆಯಿಂದ ಬರಬೇಕು, ಗಂಟಲಿನಿಂದಲ್ಲ ಎಂದು ಹೇಳಿ, ಹೊಟ್ಟೆ ಎಲ್ಲಿದೆ ಎಂಬುದನ್ನು ಕೊಡೆಯ ತುದಿಯಿಂದ ತೋರಿಸಿ ಹೊರಟುಹೋದರು.

ಥಾರ್ನ್‌ಬೆಕ್‌ನಲ್ಲಿ ಡ್ಯೂಕ್ ಎಂದರೆ ಒಬ್ಬನೇ, ಮುನ್ನೂರು ವರ್ಷದ ಹಳೆಯ ನಾಟಕದ ಮುದಿ ಡ್ಯೂಕ್. ಹಿಮ ಸುರಿಯುವಾಗ ಸ್ವಂತ ತಮ್ಮನಿಗೆ ಕೋಟೆಯ ಬಾಗಿಲು ತೆಗೆಯದೆ, ಬೆಳಗಾದ ಮೇಲೆ ಅವನ ಹೆಣದ ಮುಂದೆ ಮಂಡಿಯೂರಿ, "ಏಳು ತಮ್ಮಾ, ಬಾಗಿಲು ತೆಗೆದಿದ್ದೇನೆ" ಎನ್ನುವವನು. ಈ ಒಂದು ಮಾತಿನಲ್ಲೇ ನಟನ ಯೋಗ್ಯತೆ ತೀರ್ಮಾನವಾಗುತ್ತಿತ್ತು. ಹಳೆಯ ಸಿನಿಮಾದಲ್ಲಿ ಸರ್ ಅಲಾರಿಕ್ ಪೆನ್‌ರೋಸ್ ಅದನ್ನು ಗರ್ಜಿಸಿ ಹೇಳಿದ್ದ. ಇಪ್ಪತ್ತು ವರ್ಷದ ನಂತರದ ಸಿನಿಮಾದಲ್ಲಿ ಡೆಸ್ಮಂಡ್ ಕ್ವಿಲ್ ಎಂಬವನು ಕ್ಯಾಮೆರಾಕ್ಕೆ ಬೆನ್ನು ಹಾಕಿ ಪಿಸುಗುಟ್ಟಿದ್ದ. ಇಬ್ಬರಲ್ಲಿ ಯಾರು ದೊಡ್ಡವರು ಎಂಬ ಮಾತಿಗೆ ಆ ಊರಿನಲ್ಲಿ ಎರಡು ನಿಶ್ಚಿತಾರ್ಥಗಳು ಮುರಿದಿದ್ದವು. ವರ್ಷವರ್ಷವೂ ಕ್ರಿಸ್‌ಮಸ್ ದಿನ ಮಧ್ಯಾಹ್ನ ಟೀವಿಯಲ್ಲಿ ಅದೋ ಇದೋ ಒಂದು ಬರುತ್ತಿತ್ತು. ಊರೆಲ್ಲ ಊಟ ಮುಗಿಸಿ ಕೂತು ನೋಡಿ, ಸಂಜೆಯ ಹೊತ್ತಿಗೆ ಜಗಳ ಶುರುಮಾಡುತ್ತಿತ್ತು.

ಸಂಘ ಐದು ವರ್ಷಕ್ಕೊಮ್ಮೆ ಈ ನಾಟಕ ಆಡುತ್ತಿತ್ತು. ಆಡಿದ ನಾಲ್ಕು ಸಲವೂ ಲಯನೆಲ್ ತಮ್ಮನ ಹೆಣವಾಗಿದ್ದ. ಹೆಣ ಬಹಳ ನೈಜವಾಗಿತ್ತು ಎಂದು ಊರಿನ ಪತ್ರಿಕೆ ಎರಡು ಸಲ ಬರೆದಿತ್ತು. ಇಷ್ಟು ವರ್ಷ ಕಣ್ಣು ಮುಚ್ಚಿ ಆ ಮಾತನ್ನು ಕೇಳಿಸಿಕೊಂಡವನಿಗೆ, ಒಂದೇ ಒಂದು ಸಲ ಕಣ್ಣು ಬಿಟ್ಟು ಅದನ್ನು ತಾನೇ ಹೇಳಬೇಕೆಂಬ ಆಸೆ. ಹಳೆಯ ಡ್ಯೂಕ್ ಮಗಳ ಜೊತೆ ಇರಲು ಸ್ಪೇನ್‌ಗೆ ಹೋಗಿ ಜಾಗ ಖಾಲಿಯಾದಾಗ, ಕನ್ನಡಿಯ ಮುಂದೆ ಮೂರು ದಿನ ಧೈರ್ಯ ತಂದುಕೊಂಡು ಹೆಸರು ಕೊಟ್ಟಿದ್ದ.

ಆಫೀಸಿಗೆ ಹೋಗುವ ದಾರಿಯಲ್ಲಿ ಮಧ್ಯಾಹ್ನಕ್ಕೆಂದು ಹಂದಿಮಾಂಸದ ಪೈ ಕೊಳ್ಳಲು ಡಾಬ್ಸನ್‌ನ ಅಂಗಡಿಗೆ ಹೋದ. ಡಾಬ್ಸನ್ ಕಟುಕ, ಸಂಘಕ್ಕೆ ರಂಗಸಜ್ಜಿಕೆ ಮಾಡಿಕೊಡುವವನೂ ಅವನೇ, ಆಯ್ಕೆ ಸಮಿತಿಯಲ್ಲೂ ಇದ್ದ. ಕೈಯಲ್ಲಿ ಕತ್ತಿ ಹಿಡಿದೇ ಕೇಳಿದ.

"ಏನಯ್ಯಾ ಲಯನೆಲ್, ನಿನ್ನ ಡ್ಯೂಕ್ ಯಾರ ಥರ? ಆ ಪೆನ್‌ರೋಸನ ಥರ ಹಸು ಕರು ಹಾಕೋವಾಗ ಕೂಗಿದ ಹಾಗೆ ಕೂಗ್ತೀಯಾ?"

"ಇಲ್ಲಪ್ಪ."

"ಮತ್ತೆ? ದುಃಖ ಇರೋ ಗಂಡಸು ಬೆನ್ನು ತೋರಿಸ್ತಾನೆ ಕಣಯ್ಯ. ಕ್ವಿಲ್‌ನ ಆ ಕತ್ತಿನ ಹಿಂಭಾಗ ನೋಡಿದೀಯಲ್ಲ, ಏನು ಕತ್ತು ಅದು. ಎಷ್ಟು ಸಲ ನೋಡಿದೀಯ?"

ಕೊಕ್ಕೆಯಲ್ಲಿ ಸಾಸೇಜುಗಳು ನೇತಾಡುತ್ತಿದ್ದವು. ಲಯನೆಲ್ ಎಣಿಸಿದ. "ಹನ್ನೊಂದು."

ಡಾಬ್ಸನ್ ಪೈ ಜೊತೆಗೆ ಎರಡು ಸಾಸೇಜ್ ಸುಮ್ಮನೆ ಹಾಕಿಕೊಟ್ಟ. ಪೆನ್‌ರೋಸನ ಸಿನಿಮಾವನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟೆ ಎಂದು ಲಯನೆಲ್ ಋಣ ತೀರಿಸುವವನಂತೆ ಸೇರಿಸಿದ.

ಅವನ ಕೆಲಸ ಕೌನ್ಸಿಲ್ ಕಚೇರಿಯಲ್ಲಿ, ಕಳೆದುಹೋದ ವಸ್ತುಗಳ ಕೌಂಟರ್‌ನಲ್ಲಿ. ಹತ್ತೂವರೆಗೆ ಪಾದ್ರಿ ಲಂಬ್ ಬಸ್ಸಿನಲ್ಲಿ ಬಿಟ್ಟ ಕೈಚೀಲ ಕೇಳಿಕೊಂಡು ಬಂದರು. ಸಂಘದ ಅಧ್ಯಕ್ಷರು, ಶಾಂತಿಪ್ರಿಯರು. ಎರಡು ಬಣಗಳ ನಡುವೆ ಇದ್ದೂ ಇದ್ದೂ ಅವರ ಮುಖ ಸ್ಯಾಂಡ್‌ವಿಚ್ಚಿನ ಒಳಗಿನ ಸೌತೆಕಾಯಿಯಂತೆ ಬಿಳಿಚಿಕೊಂಡಿತ್ತು. ಯಾರಿಗೂ ಹೇಳಬೇಡಪ್ಪ ಎಂದು ಕೌಂಟರ್‌ನ ಮೇಲೆ ಬಾಗಿ, ತನಗೆ ಬೇಕಾದದ್ದು ಪೆನ್‌ರೋಸನ ನಡಿಗೆ, ಕ್ವಿಲ್‌ನ ಕಣ್ಣು ಎಂದು ಗುಟ್ಟು ಬಿಚ್ಚಿದರು. ಬೆನ್ನು ಹಾಕಿ ನಿಂತವನ ಕಣ್ಣು ಅವರಿಗೆ ಹೇಗೆ ಕಂಡಿತೋ. ಲಯನೆಲ್ ಅದಕ್ಕೂ ಹೌದು ಎಂದ. ಅವನು ಬಾಗಿಲಿಗೆ ಡಿಕ್ಕಿ ಹೊಡೆದರೆ ಬಾಗಿಲಿನ ಕ್ಷಮೆ ಕೇಳುವ ಜಾತಿಯವನು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ನೆಲಮಾಳಿಗೆಗೆ ಇಳಿದು ಅಭ್ಯಾಸ ಶುರುಮಾಡಿದ. ಅಲ್ಲಿ ಇನ್ನೂರು ಅನಾಥ ಕೊಡೆಗಳು ಸಭಿಕರಂತೆ ನಿಂತಿದ್ದವು. ಮೊದಲು ಪಿಸುಗುಟ್ಟಿದ, ಕೊಡೆಗಳಿಗೇ ಕೇಳಿಸಿದಂತೆ ಕಾಣಲಿಲ್ಲ. ಆಮೇಲೆ ಗರ್ಜಿಸಿದ. ಮೇಲಿನ ತೆರಿಗೆ ವಿಭಾಗದಲ್ಲಿ ಸರದಿಯಲ್ಲಿದ್ದ ಮೂವರು ಬಾಕಿ ಕಟ್ಟದೆ ಮನೆಗೆ ಹೋದರು. ಉಳಿದವರು ಸಲಹೆ ಕೊಡಲು ಕೆಳಗಿಳಿದು ಬಂದರು. ಕೊಡೆ ಕೇಳಲು ಬಂದಿದ್ದ ಒಬ್ಬ ಅಜ್ಜಿ ಮೆಟ್ಟಿಲ ಮೇಲೆಯೇ ಕೂತು ಎಲ್ಲ ಕೇಳಿ, "ಪೆನ್‌ರೋಸ್ ಕೂಗಿದರೆ ಮೈ ಜುಂ ಅನ್ನೋದು ಮಗಾ. ನೀನು ಬಸ್ ತಪ್ಪಿಸಿಕೊಂಡವನ ಥರ ಕೂಗ್ತಿದೀಯ. ಇನ್ನೊಂದ್ಸಲ," ಎಂದಳು.

ಇನ್ನೊಂದು ಸಲ ಕೂಗಿದ. ಅಜ್ಜಿ ತೃಪ್ತಳಾಗುವ ತನಕ ಕೂಗಿದ. ಮೂರು ಗಂಟೆಗೆ ಗಂಟಲು ಒಡೆಯಿತು. ತೆರಿಗೆ ವಿಭಾಗದವರು ಬಿಸಿ ನಿಂಬೆರಸ ಕೊಟ್ಟರು, ನಲ್ಲಿ ನೀರಿನ ವಿಭಾಗದವರು ವಿನೆಗರ್‌ನಲ್ಲಿ ಬಾಯಿ ಮುಕ್ಕಳಿಸಲು ಹಚ್ಚಿದರು. ರಸ್ತೆ ವಿಭಾಗದವರು ಹಸಿ ಈರುಳ್ಳಿ ಅಗಿಯಲು ಹೇಳಿ, ಅಗಿಯುವ ತನಕ ಎದುರಿಗೇ ನಿಂತರು. ಬೇಡ ಎಂದು ಯಾರಿಗೂ ಹೇಳದ ಲಯನೆಲ್, ಐದೂವರೆಗೆ ಕೋಟು ಹಾಕಿಕೊಂಡು ಎಲ್ಲರಿಗೂ ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ಬರೀ ಗಾಳಿ ಬಂತು.

ಚರ್ಚ್ ಹಾಲ್‌ನಲ್ಲಿ ಜಾಗ ಬೆಚ್ಚಗಿಡುವ ಬಾಯ್ಲರ್ ಕೆಟ್ಟು ಎಲ್ಲರೂ ಕೋಟಿನಲ್ಲೇ ಕೂತಿದ್ದರು. ಮೂಲೆಯಲ್ಲಿ ಟೆರಿ ಎಂಬ ಪ್ಲಂಬರ್ ಅದರೊಳಗೆ ತಲೆ ಹಾಕಿ ಮಲಗಿದ್ದ. ಡ್ಯೂಕ್ ಆಗಲು ಲಯನೆಲ್ ಬಿಟ್ಟರೆ ಬೇರೆ ಯಾರೂ ಬಂದಿರಲಿಲ್ಲ. ಲಯನೆಲ್ ವೇದಿಕೆಯ ಮೇಲೆ ಮಂಡಿಯೂರಿ, ಹೆಣವೆಂದು ಇಟ್ಟಿದ್ದ ಸುತ್ತಿದ ಕಾರ್ಪೆಟ್ಟಿನತ್ತ ಬಾಗಿ, ಇಪ್ಪತ್ತು ವರ್ಷದ ಆಸೆಯನ್ನೆಲ್ಲ ಒಟ್ಟುಗೂಡಿಸಿ ಬಾಯಿ ತೆರೆದ. ಕುತ್ತಿಗೆಯ ನರ ಉಬ್ಬಿತು, ಮುಖ ಬೀಟ್‌ರೂಟ್ ಆಯಿತು, ಈರುಳ್ಳಿಯ ಕೃಪೆಯಿಂದ ಕಣ್ಣೀರು ಇಳಿಯಿತು. ಸದ್ದು ಮಾತ್ರ ಇಲ್ಲ.

"ಸದ್ದೇ ಬೇಡ ಅನ್ನಿಸೋ ಗರ್ಜನೆ," ಎಂದು ಮಿಸ್ ಪ್ರಾಕ್ಟರ್ ಕನ್ನಡಕ ಒರೆಸಿಕೊಂಡರು. "ಸಾಕ್ಷಾತ್ ಪೆನ್‌ರೋಸ್."

"ಪೆನ್‌ರೋಸ್ ಎಲ್ಲಿಂದ ಬಂದ?" ಎಂದ ಡಾಬ್ಸನ್. "ಇದಕ್ಕಿಂತ ಮೆಲ್ಲಗೆ ಪಿಸುಗುಟ್ಟೋಕಾಗುತ್ತಾ? ಇದು ಕ್ವಿಲ್. ಬೆಳಿಗ್ಗೆ ನನ್ನ ಅಂಗಡೀಲೇ ಹೇಳಿದ, ಹನ್ನೊಂದು ಸಲ ನೋಡಿದಾನಂತೆ."

"ನನ್ನ ಹತ್ತಿರ ಪೆನ್‌ರೋಸನ್ನ ಒಂಬತ್ತು ಸಲ ನೋಡಿದೀನಿ ಅಂದ."

ಮಿಸ್ ಪ್ರಾಕ್ಟರ್ ಕೊಡೆ ಹಿಡಿದು ಎದ್ದರು. ಡಾಬ್ಸನ್, ಪೆನ್‌ರೋಸ್ ಗೆದ್ದರೆ ಕೋಟೆಯನ್ನು ಬೇರೆ ಯಾರಾದರೂ ಕಟ್ಟಿಕೊಳ್ಳಲಿ ಎಂದ. ಹತ್ತು ನಿಮಿಷದಲ್ಲಿ ಹಾಲ್ ಎರಡು ಹೋಳಾಗಿ, ವೇದಿಕೆಯ ಮೇಲೆ ಇನ್ನೂ ಮಂಡಿಯೂರಿದ್ದ ಲಯನೆಲ್‌ನನ್ನು ಮರೆತೇಬಿಟ್ಟಿತು.

ಕೊನೆಗೆ ಪಾದ್ರಿ ಲಂಬ್ ಟೀ ಚಮಚದಿಂದ ಕಪ್ ಬಡಿದರು. ತಪ್ಪು ಲಯನೆಲ್‌ನದಲ್ಲ, ಈ ಎರಡು ಸಿನಿಮಾಗಳದ್ದು ಎಂದರು. ಎರಡನ್ನೂ ಇಷ್ಟು ಅರೆದು ಕುಡಿದವನು ಏನು ಮಾಡಿದರೂ ನಮಗೆ ಅವರಿಬ್ಬರೇ ಕಾಣುತ್ತಾರೆ. ಊರು ಉಳಿಯಬೇಕಾದರೆ ಈ ಸಲದ ಡ್ಯೂಕ್ ಎರಡನ್ನೂ ನೋಡದವನಾಗಿರಬೇಕು.

ಈ ಮಾತಿಗೆ ಎರಡೂ ಕಡೆಯವರು ಒಪ್ಪಿದರು. ಇನ್ನೊಂದು ಕಡೆ ಗೆಲ್ಲುವುದಕ್ಕಿಂತ ಅದು ಮೇಲು.

"ಹಾಗಾದರೆ ಕೇಳ್ತೀನಿ," ಎಂದರು ಪಾದ್ರಿ. "ಈ ಹಾಲ್‌ನಲ್ಲಿ ಎರಡೂ ಸಿನಿಮಾ ನೋಡದೇ ಇರೋರು ಯಾರಾದ್ರೂ ಇದ್ದೀರಾ?"

ಎಲ್ಲರೂ ಅಕ್ಕಪಕ್ಕ ನೋಡಿಕೊಂಡರು. ಥಾರ್ನ್‌ಬೆಕ್‌ನಲ್ಲಿ ಅದನ್ನು ಒಪ್ಪಿಕೊಳ್ಳುವುದೆಂದರೆ, ನಾನು ಟೀ ಕುಡಿಯುವುದಿಲ್ಲ ಎಂದು ಒಪ್ಪಿಕೊಂಡಂತೆ.

ವೇದಿಕೆಯ ಮೇಲೆ ಒಂದು ಕೈ ನಿಧಾನವಾಗಿ ಮೇಲೆದ್ದಿತು.

ಲಯನೆಲ್ ಬರ್ಡೆಟ್ ಆ ಎರಡರಲ್ಲಿ ಒಂದನ್ನೂ ನೋಡಿರಲಿಲ್ಲ. ಬರ್ಡೆಟ್ ಮನೆಯಲ್ಲಿ ಕ್ರಿಸ್‌ಮಸ್ ಊಟದ ಪಾತ್ರೆ ತೊಳೆಯುವುದು ಚಿಕ್ಕಂದಿನಿಂದ ಅವನ ಪಾಲಿನ ಕೆಲಸ. ಸಿನಿಮಾ ಮುಗಿಯುವ ಹೊತ್ತಿಗೆ ಅವನು ಕೊನೆಯ ಬಾಣಲೆಗೆ ಬಂದಿರುತ್ತಿದ್ದ. ಪೆನ್‌ರೋಸನ ಗರ್ಜನೆಯನ್ನು ಅಡುಗೆಮನೆಯ ಗೋಡೆಯಾಚೆಯಿಂದ ಕೇಳಿದ್ದ. ಕ್ವಿಲ್‌ನ ಪಿಸುಮಾತಂತೂ ಕೇಳಿಸಿಯೇ ಇರಲಿಲ್ಲ.

ಕೈಯನ್ನು ಇನ್ನಷ್ಟು ಮೇಲೆತ್ತಿ, ಬಾಯಿ ತೆರೆದು, ಇದನ್ನೆಲ್ಲ ಹೇಳಲು ನೋಡಿದ. ಗಾಳಿ ಬಂತು.

"ಕೈ ಇಳಿಸು ಲಯನೆಲ್," ಎಂದರು ಮಿಸ್ ಪ್ರಾಕ್ಟರ್, ತರಗತಿಯಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ. "ನಿನ್ನ ಸರದಿ ಆಯ್ತಲ್ಲ ಮಗು."

"ಒಟ್ಟು ಇಪ್ಪತ್ತು ಸಲ ನೋಡಿರೋನು ಕೈ ಎತ್ತುತಾನೆ ನೋಡಿ," ಎಂದ ಡಾಬ್ಸನ್.

ಕೈ ಇಳಿಯಿತು. ಅಷ್ಟರಲ್ಲಿ ಬಾಯ್ಲರ್‌ನ ಹಿಂದಿನಿಂದ ಒಂದು ಸ್ಪ್ಯಾನರ್ ಮೇಲೆದ್ದಿತು.

"ನಾನು ನೋಡಿಲ್ಲ ಕಣ್ರೀ," ಎಂದ ಟೆರಿ. "ನಮ್ಮನೇಲಿ ಆವತ್ತು ಫುಟ್‌ಬಾಲ್ ಹಾಕ್ತೀವಿ."

ಅವನನ್ನು ವೇದಿಕೆಗೆ ಹತ್ತಿಸಿದರು. ಅವನು ಮಸಿ ಹಿಡಿದ ಕೈಯಲ್ಲೇ ಚೀಟಿ ಹಿಡಿದು, "ಏಳು ತಮ್ಮಾ, ಬಾಗಿಲು ತೆಗೆದಿದ್ದೇನೆ" ಎಂದು, ಕೆಲಸ ಮುಗಿಯಿತು ಎಂದು ಮನೆಯೊಡತಿಗೆ ತಿಳಿಸುವವನಂತೆ ಓದಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪೆನ್‌ರೋಸನದೂ ಇಲ್ಲ, ಕ್ವಿಲ್‌ನದೂ ಇಲ್ಲ, ಎಂಥ ಹೊಸತನ ಎಂದು ಪಾದ್ರಿ ಟೆರಿಯ ಕೈ ಕುಲುಕಿದರು.

ಆದರೆ ಕಾರ್ಪೆಟ್ಟಿನ ಮುಂದೆ ಡ್ಯೂಕ್‌ಗೆ ಭಾವ ಹುಟ್ಟುವುದು ಕಷ್ಟ ಎಂದು ಮಿಸ್ ಪ್ರಾಕ್ಟರ್‌ಗೆ ಅನ್ನಿಸಿತು. ಕಾರ್ಪೆಟ್ಟನ್ನು ಪಕ್ಕಕ್ಕೆ ಉರುಳಿಸಿದರು. ಯಾರೂ ಏನೂ ಹೇಳಬೇಕಾಗಲಿಲ್ಲ. ಲಯನೆಲ್ ಬೂಟು ಬಿಚ್ಚಿ ಅದರ ಜಾಗದಲ್ಲಿ ಮಲಗಿದ. ಹಲಗೆಗೆ ಅವನ ಬೆನ್ನಿನ ಗುರುತಿತ್ತು.

ಡಾಬ್ಸನ್ ಅವನ ಕಾಲು ನೇರ ಮಾಡಲು ಬಾಗಿದವನು, ಮಿಸ್ ಪ್ರಾಕ್ಟರ್‌ಗೆ ಕೇಳದಂತೆ ಕಿವಿಯ ಹತ್ತಿರ ಬಂದು, "ನೀನು ಎರಡೂ ನೋಡಿದೀಯಲ್ಲ, ನಿಜ ಹೇಳು. ಕ್ವಿಲ್ ಸಿನಿಮಾದ ಹೆಣ ತಾನೆ ಚೆನ್ನಾಗಿ ಮಲಗಿದ್ದು?" ಎಂದ.

ಮಧ್ಯಾಹ್ನ ಮೂರರಿಂದ ಮುಚ್ಚಿದ್ದ ಗಂಟಲು ಆಗ ತೆರೆದುಕೊಂಡಿತು.

"ಹೌದು," ಎಂದ ಲಯನೆಲ್, ಹಾಲ್‌ನ ಕೊನೆಯ ಸಾಲಿಗೂ ಕೇಳುವಂತೆ.

ಹೆಣ ದೂರದಿಂದ ಹೇಗೆ ಕಾಣುತ್ತದೆಂದು ನೋಡಲು ಕೊನೆಯ ಸಾಲಿಗೆ ಹೋಗಿ ಕೂತಿದ್ದ ಮಿಸ್ ಪ್ರಾಕ್ಟರ್, ಡಾಬ್ಸನ್ ಕೇಳಿದ್ದೇನೆಂದು ವಿಚಾರಿಸಲು ಕೊಡೆ ಹಿಡಿದು ಎದ್ದು ಬಂದರು.