ಭಾವನ ಪ್ಲಾಸ್ಟಿಕ್ ರೈಫಲ್

ನಮ್ಮ ಭಾವ ಅನುಮಾನಪಟ್ಟೇ ಅಮೆರಿಕದಲ್ಲಿ ಮನೆ ಮಾಡಿಕೊಂಡವರು. ಅಯ್ಯೋ, ತಪ್ಪು ತಿಳಿಯಬೇಡಿ! ಅಕ್ಕನ ಮೇಲೆ ಅನುಮಾನವಲ್ಲ. ಅವರ ಅನುಮಾನವೆಲ್ಲ ಪ್ಲಾಸ್ಟಿಕ್ಕಿನ ಮೇಲೆ. ನ್ಯೂಜೆರ್ಸಿಯ ಒಂದು ಕಾರ್ಖಾನೆಯಲ್ಲಿ ಅವರ ಉದ್ಯೋಗವೇ ಅದು. ಪ್ಲಾಸ್ಟಿಕ್ ಬಿಡಿಭಾಗಗಳನ್ನು ಎಳೆದು, ಬಗ್ಗಿಸಿ, ಕಾಯಿಸಿ, ತಣ್ಣಗೆ ಮಾಡಿ, ಕೊನೆಗೆ ಒಡೆದು, "ನನಗೆ ಮೊದಲೇ ಗೊತ್ತಿತ್ತು" ಎನ್ನುವ ಧಾಟಿಯಲ್ಲಿ ವರದಿ ಬರೆಯುವುದು.

ಅಲ್ಲಿಯ ಓಲ್ಡ್ ಬ್ರಿಡ್ಜ್ ಎಂಬ ಊರಿನ ಅವರ ಮನೆಗೆ ನಾನು ನ್ಯೂಯಾರ್ಕಿನ ಫ್ಲೋರಲ್ ಪಾರ್ಕಿನಿಂದ ಎರಡು ಸೇತುವೆ ದಾಟಿ ಊಟಕ್ಕೆ ಹೋದೆ ಅನ್ನಿ. ಹಿತ್ತಿಲಿನ ಡೆಕ್ ಎಂಬ ಮರದ ಜಗಲಿಯ ಮೇಲಿರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಲು ಹೋದರೆ ಒಳಗಿನಿಂದಲೇ ಕೂಗುತ್ತಾರೆ.

"ಆ ಕುರ್ಚಿ ಬೇಡಮ್ಮಾ, ಮರದ್ದರಲ್ಲಿ ಕೂತ್ಕೋ."

"ಯಾಕೆ ಭಾವಾ, ಮುರಿದಿದ್ಯಾ?"

"ಮುರಿದಿಲ್ಲ. ಅದೇ ನನಗೆ ಯೋಚನೆ. ಒಂಬತ್ತು ಸಮ್ಮರ್ ಬಿಸಿಲು ಕಂಡಿದೆ. ಇಷ್ಟು ಹೊತ್ತಿಗೆ ಮುರೀಬೇಕಿತ್ತು!"

ಇಂಥ ಮನುಷ್ಯ ಐವತ್ತೆಂಟನೆಯ ವಯಸ್ಸಿನಲ್ಲಿ ಬಂದೂಕು ಹಿಡಿದರು ಎಂದರೆ ನೀವು ನಂಬುತ್ತೀರಾ? ನಾನಂತೂ ನಂಬಲಿಲ್ಲ. ಜಿರಳೆ ಕಂಡರೆ ಪೇಪರಿನ ಮೇಲೆ ಎತ್ತಿಕೊಂಡು ಹೋಗಿ ಅಂಗಳಕ್ಕೆ ಬಿಟ್ಟು ಬರುವ ಮೈಸೂರಿನ ಪ್ರಾಣಿ ಅದು! ಆಫೀಸಿನ ಗೆಳೆಯನೊಬ್ಬ ಒಂದು ಶನಿವಾರ ಗುರಿ ಹೊಡೆಯುವ ಕ್ಲಬ್ಬಿಗೆ ಕರೆದುಕೊಂಡು ಹೋದನಂತೆ. ಉಸಿರು ಬಿಗಿಹಿಡಿದು ಕಾಗದದ ಮೇಲಿನ ಚುಕ್ಕೆಯನ್ನೇ ನೋಡುವಾಗ ತಲೆಯೊಳಗಿನ ಗಲಾಟೆ ನಿಂತಿತಂತೆ. ಅಷ್ಟೇ, ಭಾವ ಸದಸ್ಯರಾಗಿಬಿಟ್ಟರು.

ನನಗೆ ಅನುಮಾನ. ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳಿದೆ, "ಏನಕ್ಕಾ ಇದು? ನೆಟ್ಟಗಿದಾರೆ ತಾನೇ?"

"ಕಾಗದಕ್ಕೆ ಹೊಡೀತಾರೆ ಕಣೇ. ಗಾಲ್ಫ್ ಆಡ್ತಾರೆ ಅಂದಿದ್ರೆ ಹೀಗೆ ಗುಟ್ಟಾಗಿ ಕೇಳ್ತಿದ್ಯಾ?"

ಇಲ್ಲಿ ಬಂದೂಕು ಇಟ್ಟುಕೊಳ್ಳಲು ಪೊಲೀಸರು ಬೆರಳಚ್ಚು ತೆಗೆದುಕೊಳ್ಳುತ್ತಾರೆ, ಪರಿಚಯದವರನ್ನೂ ವಿಚಾರಿಸುತ್ತಾರೆ. ಹಾಗೆ ಪಕ್ಕದ ಮನೆಯ ಗುಜರಾತಿ ಅಂಕಲ್‌ಗೆ ಒಂದು ಫಾರಂ ಬಂತು. ಈ ಮನುಷ್ಯ ಎಂಥವರು, ನಡವಳಿಕೆ ಹೇಗೆ ಎಂಬಂಥ ಪ್ರಶ್ನೆಗಳು. ಅಂಕಲ್ ಬೇಲಿಯ ಆಚೆಯಿಂದ ಅಕ್ಕನನ್ನು ಕೇಳಿದರಂತೆ: "ಎಕ್ಸ್‌ಟ್ರಾ ಶೀಟ್ ಸೇರಿಸಬಹುದಾ?"

ಅಂತೂ ಅನುಮತಿ ಸಿಕ್ಕಿತು. ಸುಮ್ಮನೆ ಅಂಗಡಿಗೆ ಹೋಗಿ ಒಂದು ರೈಫಲ್ ತರಬಹುದಿತ್ತು. ಆದರೆ ಬೇರೆಯವರು ಜೋಡಿಸಿದ್ದನ್ನು ನಮ್ಮ ಭಾವ ನಂಬುವುದುಂಟೇ? ಕಾನೂನು ಒಪ್ಪುವ ಭಾಗಗಳನ್ನೇ ಆರಿಸಿ, ತಾವೇ ಜೋಡಿಸುವುದೆಂದು ತೀರ್ಮಾನಿಸಿದರು. ಅಂಥ ರೈಫಲ್ಲಿನಲ್ಲಿ 'ಲೋವರ್ ರಿಸೀವರ್' ಎಂಬುದೊಂದಿದೆ. ಕೆಳಗಿನ ಅರ್ಧ, ಟ್ರಿಗರ್ ಮತ್ತು ಹಿಡಿ ಕೂರುವ ಗೂಡು. ಮಾಮೂಲಾಗಿ ಅದು ಅಲ್ಯೂಮಿನಿಯಂ. ಈಚೆಗೆ ಹಗುರವಾಗಲಿ ಎಂದು ಪಾಲಿಮರಿನಲ್ಲೂ ಮಾಡುತ್ತಾರೆ. ಪಾಲಿಮರ್ ಎಂದರೆ ಸ್ನಾನ ಮಾಡಿ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದ ಪ್ಲಾಸ್ಟಿಕ್, ಅಷ್ಟೇ.

ಕ್ಲಬ್ಬಿನಲ್ಲಿ ದಪ್ಪ ಮೀಸೆಯ ನಿವೃತ್ತ ಪ್ಲಂಬರ್ ಒಬ್ಬರು ಎದೆ ತಟ್ಟಿ ಹೇಳಿದರಂತೆ, ಪಾಲಿಮರ್ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಒಡೆಯುವುದಿಲ್ಲ ಎಂದು. ಭಾವನ ಮುಂದೆ ಇಂಥ ಮಾತು ಆಡಬಹುದೇ? ಮರುವಾರವೇ ಲೈಸೆನ್ಸ್ ಇರುವ ಅಂಗಡಿಯಿಂದ ಪಾಲಿಮರಿನದೇ ಒಂದು ತಂದರು. ಬಳಸುವುದಕ್ಕಲ್ಲ, ಬಯಲಿಗೆಳೆಯುವುದಕ್ಕೆ!

"ಇಲ್ಲಿ ನೋಡಮ್ಮ," ಎಂದು ನನಗೆ ತೋರಿಸಿದರು. ಅದರ ಹಿಂಬದಿಯಲ್ಲಿ ಬಳೆಯಂಥ ಒಂದು ಉಂಗುರ. ಭುಜಕ್ಕೆ ಆನಿಸುವ ಭಾಗ ಅದರೊಳಗೇ ತಿರುಪಿನ ಹಾಗೆ ಕೂರುತ್ತದೆ. "ಒದೆತ ಎಲ್ಲಾ ಇಲ್ಲೇ ಬೀಳೋದು. ಒಡೆದ್ರೆ ಇಲ್ಲೇ ಒಡಿಯತ್ತೆ. ಎಷ್ಟು ಮಳ್ಳಿ ಥರ ಕೂತಿದೆ ನೋಡು!"

ಪರೀಕ್ಷೆಗಳು ಶುರುವಾದವು. ಮೊದಲನೆಯದು ಚಳಿ. ಒಂದು ಭಾನುವಾರ ಅಕ್ಕ ಹುಳಿಗೆ ಕಾಯಿತುರಿ ಬೇಕೆಂದು ಗ್ಯಾರೇಜಿನ ಫ್ರೀಜರಿಗೆ ಹೋದವಳು ಬರಿಗೈಯಲ್ಲಿ ವಾಪಸು ಬಂದಳು. ಫ್ರೀಜರಿಗೆ ಬೀಗ!

"ರೀ, ಫ್ರೀಜರಿಗೆ ಯಾಕ್ರೀ ಬೀಗ ಹಾಕಿದೀರಿ?"

"ಅವರೆಕಾಳಿನ ಕೆಳಗೆ ಲೋವರ್ ಇದೆ. ಸೀರಿಯಲ್ ನಂಬರ್ ಇರೋದು ಅದೊಂದಕ್ಕೇ. ಕಾನೂನಿನ ಪ್ರಕಾರ ಅದೇ ಬಂದೂಕು ಕಣೇ. ಬೀಗ ಹಾಕದೆ ಇಡಕ್ಕಾಗತ್ತಾ?"

ಅಕ್ಕ ನನ್ನನ್ನು ನೋಡಿದಳು. ಅವಳ ಮಗಳು ಫೋನಿನಿಂದ ತಲೆಯೆತ್ತದೆ, "ಡ್ಯಾಡ್, ದಿಸ್ ಈಸ್ ನಾಟ್ ನಾರ್ಮಲ್," ಎಂದಳು. ಒಗ್ಗರಣೆಗೆ ಮೊದಲು ಕೀ ಕೇಳಬೇಕಾದ ಮನೆ ಇಡೀ ನ್ಯೂಜೆರ್ಸಿಯಲ್ಲಿ ಇನ್ನೊಂದಿದೆಯೇ?

ಆಮೇಲೆ ಆಯುಧಪೂಜೆ ಬಂತು. ಅಷ್ಟರಲ್ಲಿ ಭಾವ ಆ ಗೂಡಿಗೆ ಉಳಿದ ಭಾಗಗಳನ್ನೂ ಸೇರಿಸಿ ರೈಫಲ್ ಜೋಡಿಸಿದ್ದರು. ಎಲ್ಲರೂ ಕಾರಿಗೆ, ಲ್ಯಾಪ್‌ಟಾಪಿಗೆ ಹೂವಿಟ್ಟು ಆಯುಧ ಎಂದು ನಟಿಸುವ ಊರಿನಲ್ಲಿ ನಿಜವಾದ ಆಯುಧವಿರುವ ಮನೆ ನಮ್ಮಕ್ಕನದು! ಅಕ್ಕ ಕುಂಕುಮದ ಬಟ್ಟಲು ಹಿಡಿದು ಬಂದಳು. ಭಾವ ರೈಫಲ್ಲಿಗೆ ಅಡ್ಡ ನಿಂತರು.

"ಕುಂಕುಮ ಬೇಡ ಕಣೇ. ಅದರಲ್ಲಿ ಯಾವ ಕೆಮಿಕಲ್ ಇದ್ಯೋ ಏನೋ. ಪ್ಲಾಸ್ಟಿಕ್ ಮೆತ್ತಗಾದ್ರೆ?"

"ಇಪ್ಪತ್ತೊಂಬತ್ತು ವರ್ಷದಿಂದ ನನ್ನ ಹಣೆ ಮೇಲಿದೆ. ನಾನು ಮೆತ್ತಗಾಗಿದೀನಾ?"

ಭಾವ ಯೋಚಿಸಿದರು. "ಅಕ್ಷತೆ ಹಾಕು, ಸಾಕು," ಎಂದರು.

ಎರಡು ವರ್ಷ ಹೀಗೇ ನಡೆಯಿತು. ಬೇಸಿಗೆಯ ಬಿಸಿಲಿನಲ್ಲಿ ಅದನ್ನು ಮುಂದಿಟ್ಟುಕೊಂಡು ತಾವೂ ಬೇಯುತ್ತ ಕಾವಲು ಕೂತರು. ಖಾಲಿ ಗೂಡನ್ನು ಡೆಕ್ ಮೇಲಿನಿಂದ ಕಲ್ಲುಹಾಸಿನ ಮೇಲೆ ಬೀಳಿಸಿದರು. ಕ್ಲಬ್ಬಿನಲ್ಲಂತೂ ಹತ್ತು ಗುಂಡು ಹೊಡೆಯುವುದು, ಖಾಲಿ ಮಾಡುವುದು, ಜೇಬಿನಿಂದ ಭೂತಗನ್ನಡಿ ತೆಗೆದು ಉಂಗುರ ನೋಡುವುದು, ಪಿನ್ನುಗಳ ತೂತು ಸಡಿಲವಾಗಿದೆಯೇ ಎಂದು ನೋಡುವುದು. ಏನೂ ಆಗಲಿಲ್ಲ! ಮೀಸೆಯ ಪ್ಲಂಬರ್ ದೂರದಿಂದಲೇ ಹೆಬ್ಬೆರಳೆತ್ತಿ ನಗುತ್ತಿದ್ದರಂತೆ. ಭಾವನ ಅನುಮಾನ ಕಡಿಮೆಯಾಯಿತೇ? ಎಲ್ಲಿ ಬಂತು! "ಒಡೀತಾನೇ ಇಲ್ಲ. ಏನೋ ಮುಚ್ಚಿಡ್ತಾ ಇದೆ," ಎನ್ನುತ್ತಿದ್ದರು, ಪಾತಕಿಯ ಬಗ್ಗೆ ಇನ್‌ಸ್ಪೆಕ್ಟರ್ ಮಾತಾಡುವ ಹಾಗೆ.

ಎರಡನೆಯ ವರ್ಷದ ಚಳಿಗಾಲದಲ್ಲಿ, ಮೊದಲೇ ನೋಯುತ್ತಿದ್ದ ಅಕ್ಕನ ಬಲಮಂಡಿ ಪೂರ್ತಿ ಕೈಕೊಟ್ಟಿತು. ಮ್ಯಾನ್‌ಹಟನ್ನಿನ ಸರ್ಜನ್ ಆಪರೇಷನ್ ಮಾಡಿ ಕೂರಿಸುವ ಕೃತಕ ಮಂಡಿಯ ಮಾದರಿಯೊಂದನ್ನು ಮೇಜಿನ ಮೇಲಿಟ್ಟು ವಿವರಿಸಿದರು. ಮೇಲೆ ಲೋಹ, ಕೆಳಗೆ ಲೋಹ, ನಡುವೆ ಮೆತ್ತೆಯ ಹಾಗೆ ಒಂದು ಬಿಳಿ ತುಂಡು. ಭಾವ ಅದನ್ನು ಉಗುರಿನಿಂದ ತಟ್ಟಿದರು. ಸದ್ದು ಕೇಳಿದೊಡನೆ ಅವರ ಮುಖ ಬದಲಾಯಿತು.

"ಪ್ಲಾಸ್ಟಿಕ್ಕಾ?"

ಸರ್ಜನ್ ಹೌದೆಂದರು. ಅರ್ಧ ಗಂಟೆ ನಡೆದದ್ದು ಸಮಾಲೋಚನೆಯಲ್ಲ, ವಿಚಾರಣೆ. ಎಷ್ಟು ವರ್ಷ ಬರುತ್ತೆ? ಮೆಟ್ಟಿಲು ಇಳಿಯುವಾಗ ಎಷ್ಟು ಭಾರ ಬೀಳುತ್ತೆ? ಸವೆದ ಪುಡಿ ಎಲ್ಲಿಗೆ ಹೋಗುತ್ತೆ? ಸರ್ಜನ್ ತಾಳ್ಮೆಯಿಂದ ಉತ್ತರಿಸಿದರು. ನಾನು ಅಕ್ಕನ ಪಕ್ಕದಲ್ಲಿದ್ದೆ. ಅವಳು ಆ ಬಿಳಿ ತುಂಡನ್ನೇ ನೋಡುತ್ತಿದ್ದಳು. ಮೂವತ್ತು ವರ್ಷ ಊಟದ ಮೇಜಿನಲ್ಲಿ ಯಾವ ಪ್ಲಾಸ್ಟಿಕ್ ಎಲ್ಲಿ ಹೇಗೆ ಸೀಳಿತು ಎಂಬ ಕಥೆಗಳನ್ನೇ ಕೇಳಿದವಳು. ಅವಳಿಗೆ ಹೆದರಿಕೆ ಆಗದೆ ಇನ್ಯಾರಿಗೆ ಆಗಬೇಕು?

ಕಾರಿನಲ್ಲಿ ಅವಳು ಮೆಲ್ಲಗೆ ಕೇಳಿದಳು. "ರೀ, ನಿಮ್ಮ ಆ ರೈಫಲ್ಲಿಂದು ಇನ್ನೂ ಒಡೆದಿಲ್ಲ ಅಲ್ವಾ?"

"ಇಲ್ಲ."

"ಅಷ್ಟು ಒದೆ ತಿಂದೂ ಒಡೆದಿಲ್ಲ. ಹಾಗಾದ್ರೆ ನನ್ನದೂ ನಿಲ್ಲತ್ತೆ ಬಿಡಿ."

ಅವಳು ಹಿಡಿದುಕೊಂಡದ್ದು ಆ ಒಂದು ಎಳೆಯನ್ನು. ಸರ್ಜನ್ನರ ಮಾತಲ್ಲ, ಅವರು ಕೊಟ್ಟ ಬಣ್ಣದ ಪುಸ್ತಿಕೆಯಲ್ಲ, ಭಾವನ ಒಡೆಯದ ಪ್ಲಾಸ್ಟಿಕ್!

ಆಪರೇಷನ್ನಿನ ಹಿಂದಿನ ಶನಿವಾರ ಬೆಳಿಗ್ಗೆ ಭಾವ ಕ್ಲಬ್ಬಿಗೆ ಹೊರಟರು. "ಜೊತೆಗೆ ಹೋಗೇ, ಮನಸ್ಸು ಸರಿ ಇಲ್ಲ ಅವರಿಗೆ," ಎಂದು ಅಕ್ಕ ನನ್ನನ್ನೂ ಕಳಿಸಿದಳು. ಸದ್ದು ತಡೆಯುವ ಮಫ್ ಕಿವಿಗೆ ಏರಿಸಿಕೊಂಡು ಹಿಂದೆ ನಿಂತಿದ್ದೆ. ಹತ್ತು ಗುಂಡು. ಖಾಲಿ ಮಾಡಿದರು. ಭೂತಗನ್ನಡಿ ತೆಗೆದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ನಾನು ಹತ್ತಿರ ಹೋಗಿ ನೋಡಿದೆ. ಹಿಂಬದಿಯ ಉಂಗುರದ ಬುಡದಲ್ಲಿ ಕೂದಲಿನಷ್ಟು ಸಣ್ಣ ಬಿರುಕು.

ಎರಡು ವರ್ಷ ಈ ಗಳಿಗೆಗಾಗಿ ಕಾದ ಮನುಷ್ಯ! ಕುಣಿಯುತ್ತಾರೆ, ಮೀಸೆಯ ಪ್ಲಂಬರನ್ನು ಕೂಗಿ ಕರೆದು ತೋರಿಸುತ್ತಾರೆ, ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನ ತಲೆ ತಿನ್ನುತ್ತಾರೆ ಎಂದುಕೊಂಡೆ. ಅವರು ರೈಫಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಪ್ಲಂಬರ್ ದೂರದಿಂದ ಹೆಬ್ಬೆರಳೆತ್ತಿದರು. ಭಾವನೂ ಹೆಬ್ಬೆರಳೆತ್ತಿದರು!

ಕಾರಿನಲ್ಲಿ ಕೂತ ಮೇಲೆ ನಾನೇ ಕೇಳಿದೆ.

"ಭಾವಾ, ಅದೇ ಬೇರೆ ಪ್ಲಾಸ್ಟಿಕ್ಕು, ಮಂಡಿಗೆ ಹಾಕೋದೇ ಬೇರೆ ಅಲ್ವಾ?"

"ಬೇರೆನೇ ಕಣಮ್ಮಾ. ಪೂರ್ತಿ ಬೇರೆ. ನನಗೆ ಗೊತ್ತು." ಕಾರು ಸ್ಟಾರ್ಟ್ ಮಾಡುತ್ತ, "ಅವಳಿಗೆ ಗೊತ್ತಿಲ್ಲ," ಎಂದರು.

ಮನೆಯ ಬಾಗಿಲಲ್ಲೇ ಅಕ್ಕ ಗೋಡೆ ಹಿಡಿದು ನಿಂತಿದ್ದಳು. "ಏನಾಯ್ತ್ರೀ?"

"ಏನಾಗತ್ತೆ? ಹೊಸದರ ಥರ ಇದೆ," ಎಂದರು ಭಾವ. ಕಾರ್ಖಾನೆಯಲ್ಲಿ ಒಂದು ದಿನವೂ ಸುಳ್ಳು ವರದಿ ಬರೆಯದ ಮನುಷ್ಯ, ಹೆಂಡತಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು.

ಆಪರೇಷನ್ ಚೆನ್ನಾಗಿಯೇ ಆಯಿತು. ವಸಂತ ಬರುವ ಹೊತ್ತಿಗೆ ಅಕ್ಕ ಕೋಲು ಬಿಟ್ಟಳು. ಈಗ ಯಾರಾದರೂ ಆಂಟಿ ಮಂಡಿ ಹಿಡಿದುಕೊಂಡು ನರಳಿದರೆ ಸಾಕು, ಇವಳೇ ಉಪದೇಶಕ್ಕೆ ನಿಲ್ಲುತ್ತಾಳೆ. ಮೊನ್ನೆ ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲೂ ಅದೇ ನಡೆಯಿತು. "ಪ್ಲಾಸ್ಟಿಕ್ ಅಂತ ಹೆದರ್ಬೇಡಿ. ನಮ್ಮನೆಯವರು ಎರಡು ವರ್ಷ ಟೆಸ್ಟ್ ಮಾಡಿದಾರೆ, ಏನೂ ಆಗಲ್ಲ!" ಎಲ್ಲರೂ ಖಾತ್ರಿಗಾಗಿ ಭಾವನ ಕಡೆ ತಿರುಗಿದರು. ಅವರ ಬಾಯಲ್ಲಿ ಸಜ್ಜಿಗೆ ತುಂಬಿತ್ತು. ಜೋರಾಗಿ ತಲೆಯಾಡಿಸಿದರು.

ಪೂಜೆ ಮುಗಿದು ಹೊರಡುವಾಗ ಅಕ್ಕ ಯಾರದೋ ಜೊತೆ ನಗುತ್ತ, ಕೈ ಬೀಸುತ್ತ, ನಮ್ಮ ಮನೆಯ ಮುಂದಿನ ಕಲ್ಲಿನ ಮೆಟ್ಟಿಲಿಗೆ ಬಂದಳು. ಕೆಳಗೆ ನೋಡಲೂ ಇಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ. ಭಾವ ಆಗಲೇ ಎರಡು ಮೆಟ್ಟಿಲು ಕೆಳಗಿಳಿದು, ಅವಳ ಕಡೆ ಮುಖ ಮಾಡಿ, ಶೂ ಲೇಸ್ ಕಟ್ಟುವವರ ಹಾಗೆ ಬಗ್ಗಿ ನಿಂತಿದ್ದರು. ಅವರು ಹಾಕಿಕೊಂಡಿದ್ದದ್ದು ಚಪ್ಪಲಿ.