ಮಷೀನಿಗೆ ಬಿದ್ದ ದಿಂಬು

ಮನೆಗೆ ಯಾವುದಾದರೂ ಯಂತ್ರ ಬಂದರೆ, ಅದು ಯಾವ ಕೆಲಸಕ್ಕೆಂದು ಹುಟ್ಟಿದೆಯೋ ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅದರಿಂದ ಮಾಡಿಸಿ ನೋಡುವ ಚಪಲ ನನಗೆ. ಇಸ್ತ್ರಿ ಪೆಟ್ಟಿಗೆಯಿಂದ ಜೋಳದ ರೊಟ್ಟಿ ಬಿಸಿ ಮಾಡಿದ್ದೇನೆ. ರೊಟ್ಟಿ ಚೆನ್ನಾಗಿಯೇ ಇತ್ತು, ಆದರೆ ಆಮೇಲೆ ನಾನು ಆಫೀಸಿಗೆ ಹೋದಾಗಲೆಲ್ಲ ಪಕ್ಕದ ಕುರ್ಚಿಯವರಿಗೆ ಹಸಿವಾಗುತ್ತಿತ್ತು. ಕೂದಲು ಒಣಗಿಸುವ ಡ್ರೈಯರಿನಿಂದ ಹಪ್ಪಳ ಒಣಗಿಸಲು ಹೋದೆ. ಹಪ್ಪಳಗಳು ಪಕ್ಕದ ಮನೆಯ ತಾರಸಿಗೆ ಹಾರಿಹೋದವು. ಹೀಗಾಗಿ ವಾಷಿಂಗ್ ಮಷೀನು ಬಂದ ದಿನವೇ ನನ್ನ ಹೆಂಡತಿ ಸುನಂದಾ ಅದರ ಮುಂದೆ ನಿಂತು, ಇದರಲ್ಲಿ ಬಟ್ಟೆಯನ್ನಷ್ಟೇ ಹಾಕಬೇಕೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ದಿಂಬಿಗೂ ಹೊರಗೆ ಬಟ್ಟೆಯೇ ಇರುತ್ತದೆ ಎನ್ನುವುದು ನನ್ನ ವಾದ. ಆ ವಾದವನ್ನು ಅವಳು ಇಂದಿಗೂ ಒಪ್ಪಿಲ್ಲ.

ಇದು ಯಾವ ವರ್ಷದ ಮಾತೆಂದು ಕೇಳಬೇಡಿ. ಮೊಬೈಲಿಗೆ ಬರುವ ಕರೆಗೂ ದುಡ್ಡು ಕಟ್ಟುತ್ತಿದ್ದ ಕಾಲವೆಂದು ನನ್ನ ನೆನಪು. ಆದರೆ ನನ್ನ ನೆನಪನ್ನು ನಾನು ಹೆಚ್ಚು ನಂಬುವುದಿಲ್ಲ. ಅದು ಏನು ಕೇಳಿದರೂ ಬೇಕಾದ್ದಕ್ಕಿಂತ ನೀಟಾಗಿ ಮಡಚಿ ತಂದುಕೊಡುತ್ತದೆ. ಅಷ್ಟು ನೀಟಾಗಿ ನನ್ನ ಬದುಕಿನಲ್ಲಿ ಏನೂ ನಡೆದಿಲ್ಲ.

ನಾವು ಹಾವೇರಿ ಕಡೆಯವರು. ಬಿಟಿಎಂ ಲೇಔಟಿನಲ್ಲಿ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯ ಓನರ್ ಕೆಂಪಣ್ಣ ಅಂಕಲ್ ಮತ್ತು ಅವರ ಹೆಂಡತಿ ಜಯಮ್ಮ ಆಂಟಿ. ಗೊಟ್ಟಿಗೆರೆಯಲ್ಲಿ ಅವರಿಗೆ ಹೊಲವಿತ್ತು. ಈಗ ಅಲ್ಲಿ ಸೈಟುಗಳಿವೆ, ಸೈಟುಗಳ ಮೇಲೆ ಮನೆಗಳಿವೆ. ಆಂಟಿ ಮಾತ್ರ ಇನ್ನೂ ಆಕಾಶ ನೋಡಿಯೇ ದಿನ ಶುರುಮಾಡುತ್ತಿದ್ದರು.

ನಮಗೆ ಮಗಳು ಹುಟ್ಟಿದಾಗ ಆಂಟಿ ಒಂದು ಪುಟ್ಟ ದಿಂಬು ತಂದುಕೊಟ್ಟರು. ಅವರ ಮನೆಯ ಮಕ್ಕಳೆಲ್ಲ ಮಲಗಿದ್ದು ಅದರ ಮೇಲೆಯೇ, ತಲೆ ಗುಂಡಗೆ ಬರುತ್ತದೆ, ಆಮೇಲೆ ಜೋಪಾನವಾಗಿ ವಾಪಸು ಕೊಡಬೇಕು ಎಂದರು. ಒಳಗೆ ರಾಗಿ ತುಂಬಿದೆ ಎಂದೂ ಅವತ್ತೇ ಹೇಳಿದರೆಂದು ಸುನಂದಾ ಮಗಳ ಮೇಲೆ ಆಣೆ ಇಡುತ್ತಾಳೆ. ನಾನು ಕೇಳಿಸಿಕೊಂಡಿಲ್ಲ. ಜೋಳ ತಿಂದು ಬೆಳೆದವನಿಗೆ ರಾಗಿಯನ್ನು ಉಣ್ಣುವುದೇ ಹೊಸದು. ಅದರ ಮೇಲೆ ಮಲಗುತ್ತಾರೆಂದು ಹೇಗೆ ಹೊಳೆಯಬೇಕು?

ಕೆಲವು ತಿಂಗಳಲ್ಲಿ ನಮ್ಮ ಮಗಳು ಮಗುಚಿಕೊಳ್ಳಲು ಕಲಿತು ದಿಂಬನ್ನು ಒದೆಯತೊಡಗಿದಳು. ಅದೇ ಹೊತ್ತಿಗೆ ಆಂಟಿಯ ಮಗಳಿಗೆ ಎರಡನೆಯ ಹೆರಿಗೆಯಾಯಿತು. ಬಾಣಂತಿ ಮತ್ತು ಕೂಸು ಶುಕ್ರವಾರ ಕೆಳಗಿನ ಮನೆಗೆ ಬರುತ್ತಾರೆ, ಅಷ್ಟರಲ್ಲಿ ದಿಂಬು ಬೇಕೆಂದು ಆಂಟಿ ಹೇಳಿ ಕಳಿಸಿದರು. ದಿಂಬನ್ನು ಮೂಸಿದೆ. ಹರಳೆಣ್ಣೆ, ಹಾಲು, ಇನ್ನೂ ಹೇಳಬಾರದ ಕೆಲವನ್ನು ಅದು ಚೆನ್ನಾಗಿ ಕುಡಿದಿತ್ತು. ಹಾಗೆಯೇ ಕೊಟ್ಟರೆ ಮರ್ಯಾದೆಯೇ?

ಸುನಂದಾ ಮಗುವಿಗೆ ಚುಚ್ಚುಮದ್ದು ಹಾಕಿಸಲು ಜಯನಗರಕ್ಕೆ ಹೋದ ಮಂಗಳವಾರ ನಾನು ರಜೆ ಹಾಕಿ ಮನೆಯಲ್ಲಿದ್ದೆ. ಕೂಸಿನ ದಿಂಬಿನ ಜೊತೆ ನನ್ನ ಸ್ವಂತ ದಿಂಬನ್ನೂ ಮಷೀನಿಗೆ ಹಾಕಿದೆ. ದಿಂಬನ್ನು ಒಂಟಿಯಾಗಿ ಹಾಕಬಾರದು, ತೂಕ ಸರಿದೂಗಲು ಜೋಡಿಯಾಗಿ ಹಾಕಬೇಕೆಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ನನ್ನದು ದೊಡ್ಡದು, ಹಗುರ. ಕೂಸಿನದು ಚಿಕ್ಕದು, ಭಾರ. ದೇವರೇ ಅಳೆದು ಮಾಡಿಟ್ಟ ಜೋಡಿ ಅನ್ನಿಸಿತು. ಅಂಗೈಯಷ್ಟು ದಿಂಬು ಇಷ್ಟು ಭಾರ ಯಾಕಿದೆ ಎಂದು ನಾನು ಕೇಳಿಕೊಳ್ಳಲಿಲ್ಲ. ಆ ಹೊತ್ತಿಗೆ ನನಗೆ ಬೇಕಾಗಿದ್ದೇ ಭಾರ.

ಸ್ಟೂಲು ಹಾಕಿಕೊಂಡು ಮಷೀನಿನ ಗಾಜಿನ ಬಾಗಿಲ ಮುಂದೆ ಕೂತೆ. ಮೊದಲು ಎರಡು ದಿಂಬುಗಳೂ ಒಂದರ ಹಿಂದೆ ಒಂದು ಓಡಿದವು. ಆಮೇಲೆ ಸಣ್ಣಗೆ ಏನೋ ಸೋರುವ ಸದ್ದು. ಆಮೇಲೆ ಮದುವೆ ಮನೆಯಲ್ಲಿ ಹತ್ತಾರು ಜನ ಒಟ್ಟಿಗೆ ಜರಡಿ ಹಿಡಿದಂತೆ. ನೀರು ಕೆಂಪಗಾಯಿತು, ಕಂದಾಯಿತು, ಗಾಜಿನ ತುಂಬ ಕಪ್ಪು ಕೆಂಪು ಚುಕ್ಕೆಗಳು ಸುತ್ತತೊಡಗಿದವು. ಎಂಥ ಕೊಳೆ ಎಂದು ನನಗೆ ರೋಮಾಂಚನ. ಕೈಯಲ್ಲಿ ಒಗೆದಿದ್ದರೆ ಇದು ಜನ್ಮದಲ್ಲಿ ಹೋಗುತ್ತಿತ್ತೇ ಎಂದುಕೊಂಡು ಇನ್ನಷ್ಟು ಸೋಪಿನ ಪುಡಿ ಹಾಕಿದೆ. ಕೊಳೆ ಕಡಿಮೆಯಾಗಲಿಲ್ಲ. ಇನ್ನೊಂದು ಸಲ ತಿರುಗಿಸಿದೆ.

ಹಿಂಡುವ ಹಂತಕ್ಕೆ ಬಂದಾಗ ಮಷೀನು ನಡೆಯತೊಡಗಿತು. ನೀರು ಕುಡಿದ ನನ್ನ ದಿಂಬು ಈಗ ಕುರಿಯಷ್ಟು ತೂಗುತ್ತಿತ್ತು, ಅದಕ್ಕೆ ಜೋಡಿಯಾಗಿದ್ದದ್ದು ಎಲ್ಲೂ ಕಾಣುತ್ತಿರಲಿಲ್ಲ. ಮಷೀನು ಗೋಡೆ ಬಿಟ್ಟು ಅಡುಗೆಮನೆಯ ಕಡೆ ಹೊರಟಿತು. ತಳ್ಳಿದೆ, ತಬ್ಬಿದೆ, ಕೊನೆಗೆ ಹತ್ತಿ ಕೂತೆ. ಕೆಂಪಣ್ಣ ಅಂಕಲ್ ಒಳಗೆ ಬಂದದ್ದು ಆಗ.

"ಏನ್ ಸಾರ್, ಕೆಳಗೆ ನಮ್ಮ ಫ್ಯಾನ್ ಅಲ್ಲಾಡ್ತಾ ಇದೆ," ಎಂದರು. ಆಮೇಲೆ ನಿಧಾನವಾಗಿ, "ಅದ್ರ ಮೇಲ್ಯಾಕ್ ಸಾರ್ ಕೂತಿದೀರ?"

ದಿಂಬು ತೊಳೆಯುತ್ತಿದ್ದೇನೆ ಎಂದೆ. ಕೂತಲ್ಲೇ ನಡುಗುತ್ತಿದ್ದುದರಿಂದ ಆ ಎರಡು ಪದ ಏಳೆಂಟು ತುಂಡಾಗಿ ಹೊರಬಿದ್ದವು. ಅಷ್ಟರಲ್ಲಿ ಮಷೀನು ಬಿಕ್ಕಿ, ನರಳಿ, ನೀರು ಹೊರಗೆ ಬಿಡದೆ ನಿಂತೇಹೋಯಿತು. ಅಂಕಲ್ ಮುಂದೆ ಬಂದು ಬಾಗಿಲು ಎಳೆದರು. ನೀರು, ನೊರೆ, ಅದರ ಹಿಂದೆ ರಾಗಿ. ಪಡಸಾಲೆಯಲ್ಲಿ ರಾಗಿ, ಚಪ್ಪಲಿಯಲ್ಲಿ ರಾಗಿ, ಅಂಕಲ್ ಪಂಚೆಯ ಅಂಚಿನಲ್ಲಿ ರಾಗಿ. ಕೊನೆಯಲ್ಲಿ ಖಾಲಿಯಾದ ಪುಟ್ಟ ದಿಂಬಿನ ಚೀಲ, ಹೊಲಿಗೆ ಬಿಟ್ಟ ಬಾಯಿ ತೆರೆದುಕೊಂಡು, ಮೆಲ್ಲಗೆ ತೇಲಿ ಬಂತು.

ಸದ್ದು ನಿಂತದ್ದಕ್ಕೆ ಗಾಬರಿಯಾಗಿ ಆಂಟಿಯೂ ಮೇಲೆ ಬಂದರು. ಬಾಗಿಲಲ್ಲೇ ಬಗ್ಗಿ ಒಂದು ಹಿಡಿ ಒದ್ದೆ ರಾಗಿ ಎತ್ತಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು.

"ನಮ್ ಗೊಟ್ಟಿಗೆರೆ ಹೊಲದ ಕೊನೇ ರಾಗಿ ಸಾರ್ ಇದು," ಎಂದರು. "ಹೊಲ ಕೊಡೋಕ್ ಮುಂಚೆ ಇಷ್ಟು ಎತ್ತಿಟ್ಕೊಂಡಿದ್ದೆ. ಮಕ್ಳ ತಲೆ ನಮ್ ಮಣ್ಣಿನ್ ಮೇಲಿರ್ಲಿ ಅಂತ."

ಅಂಕಲ್ ಕಿಟಕಿಯ ಕಡೆ ತಿರುಗಿ ನಿಂತರು. ದುಃಖವೆಂದು ನಾನು ತಿಳಿದೆ.

ಸುನಂದಾ ಬರುವ ಹೊತ್ತಿಗೆ ನಾನು ಟೀ ಸೋಸುವ ಜಾಲರಿ ಹಿಡಿದು ಮಂಚದ ಕೆಳಗಿದ್ದೆ. "ರಾಗಿ ಅದಾವ ಅಂತ ಆಂಟಿ ಹೇಳಿದ್ರಿಲ್ಲೋ? ಕಿವಿ ಎಲ್ಲಿ ಇಟ್ಟಿದ್ರಿ?" ಎಂದಷ್ಟೇ ಕೇಳಿ ಅವಳೂ ಬಗ್ಗಿದಳು. ಆಂಟಿ ರಾಗಿಯನ್ನು ಸೋಪು ಹೋಗುವ ತನಕ ತೊಳೆದರು. ಉಣ್ಣುವುದಕ್ಕೇನೂ ಅಲ್ಲವಲ್ಲ, ಒಣಗಿದರೆ ಮತ್ತೆ ತುಂಬಿ ಹೊಲಿದುಬಿಡುತ್ತೇನೆ ಎಂದರು. ತಾರಸಿಯಲ್ಲಿ ಪಂಚೆ ಹಾಸಿ ಹರವಿದೆವು. ಶುಕ್ರವಾರದೊಳಗೆ ಅದು ಒಣಗಬೇಕು. ಇಲ್ಲಿ ದೊಡ್ಡ ಮಳೆಯೊಂದು ಸುರಿಯಿತು ಎಂದು ಬರೆದರೆ ಕಥೆಗೆ ಕಳೆ ಬರುತ್ತಿತ್ತು, ಮಳೆ ಬರಲಿಲ್ಲ. ಬಿಸಿಲೂ ಬರಲಿಲ್ಲ. ಆಕಾಶ ಸುಮ್ಮನೆ ಮುಖ ಊದಿಸಿಕೊಂಡಿತ್ತು. ಬುಧವಾರವೆಲ್ಲ ಆಫೀಸಿನಲ್ಲಿ ನಾನು ಕಿಟಕಿಯನ್ನೇ ನೋಡಿದೆ. ಒಂದು ಹೊಲದ ಕೊನೆಯ ಫಸಲನ್ನು, ಒಂದು ಮನೆತನದ ಮಣ್ಣಿನ ನಂಟನ್ನು ಸೋಪು ಹಾಕಿ ತೊಳೆದವನು ನಾನು. ಆಂಟಿಯ ಮುಂದೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬಹಳ ಚೆನ್ನಾಗಿ ಬಂದವು. ಒಂದೆರಡು ಕಡೆ ನನ್ನ ಕಣ್ಣೇ ತೇವವಾಯಿತು.

ಗುರುವಾರ ಬೆಳಿಗ್ಗೆ ಆಂಟಿ ತಾರಸಿಯಿಂದ ನಮ್ಮಿಬ್ಬರನ್ನೂ, ಅಂದರೆ ನನ್ನನ್ನೂ ಅಂಕಲ್ ಅವರನ್ನೂ, ಕರೆದರು. ಪಂಚೆಯ ತುಂಬ ರಾಗಿ ಬೆಳ್ಳಗೆ ಮೊಳಕೆ ಒಡೆದಿತ್ತು. ನಾನು ಸಿದ್ಧಮಾಡಿಕೊಂಡಿದ್ದ ಮಾತು ಶುರುಮಾಡಿದೆ. ಆಂಟಿ ಕೈ ಎತ್ತಿ ನಿಲ್ಲಿಸಿದರು. ಅವರು ನೋಡುತ್ತಿದ್ದುದು ಗಂಡನನ್ನು.

"ಹೊಲ ಕೊಟ್ಟು ಎಷ್ಟ್ ವರ್ಷ ಆಯ್ತು?"

"ಆಯ್ತಲ್ಲ," ಎಂದರು ಅಂಕಲ್.

"ಅಷ್ಟ್ ವರ್ಷದ್ ಬೀಜ ಹಿಂಗೆ ಒಂದೂ ಬಿಡ್ದಂಗೆ ಮೊಳ್ಕೆ ಬರುತ್ತೇನ್ರೀ?"

ಅಂಕಲ್ ಮೊದಲು ಆಕಾಶ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಉತ್ತರ ಕರ್ನಾಟಕದವನು, ರಾಗಿಯ ವಿಷಯದಲ್ಲಿ ಸಹಾಯಕ್ಕೆ ಬರುವಂತಿರಲಿಲ್ಲ. ಕೊನೆಗೆ ಬಾಯಿ ಬಿಟ್ಟರು. ಮೊದಲನೆಯ ಮೊಮ್ಮಗ ಹುಟ್ಟುವ ಮುಂಚೆ ಅಟ್ಟದಲ್ಲಿ ಇಲಿ ದಿಂಬು ಕಡಿದು ರಾಗಿಯನ್ನೆಲ್ಲ ತಿಂದುಹಾಕಿತ್ತು. ಹೇಳಿದರೆ ಹೆಂಡತಿ ಅಳುತ್ತಾಳೆಂದು ಅಂಗಡಿಯಿಂದ ರಾಗಿ ತಂದು ತುಂಬಿ, ತಾವೇ ಹೊಲಿದಿದ್ದರು.

"ಅಂಗಡೀ ರಾಗಿ ಮೇಲೆ ಮಲಗ್ಸಿದ್ರಾ ಆ ಮಗೂನ?" ಎಂದರು ಆಂಟಿ. "ಅದಕ್ಕೇ ಅವನ್ ತಲೆ ಹಂಗಿರೋದು."

ಮೊದಲು ನಕ್ಕದ್ದು ಅವರೇ. ಪಂಚೆಯ ಪಕ್ಕ ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಕ್ಕರು; ಒರೆಸಿಕೊಂಡದ್ದೆಲ್ಲ ನಗುವಿನದೇ ಎಂದು ನಾನು ಹೇಳಲಾರೆ. ಆಮೇಲೆ ಎದ್ದು ನಿಂತು, ತಲಘಟ್ಟಪುರದಲ್ಲಿ ತಮ್ಮ ಅಣ್ಣ ಇನ್ನೂ ರಾಗಿ ಬೆಳೆಯುತ್ತಾನೆ, ಇಬ್ಬರೂ ಈಗಲೇ ಹೋಗಿ ತನ್ನಿ, ದಾರಿಯಲ್ಲಿ ಯಾವ ಅಂಗಡಿಯ ಹತ್ತಿರವೂ ನಿಲ್ಲಿಸಬೇಡಿ ಎಂದರು.

ಸ್ಕೂಟರಿನಲ್ಲಿ ಹಿಂದೆ ಕೂತು ಹೋಗುವಾಗ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಎರಡು ದಿನ ಹೊತ್ತು ತಿರುಗಿದ ಅಷ್ಟು ದೊಡ್ಡ ಅಪರಾಧ ಅಂಗಡಿಯ ಸರಕೆಂದು ಗೊತ್ತಾದಾಗ ಆಗುವ ಅವಮಾನವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? "ಯಾರ್ ಸಾರ್ ದಿಂಬ್ನ ಮಿಷನ್‌ಗೆ ಹಾಕ್ತಾರೆ?" ಎಂದು ಅಂಕಲ್ ಕನಕಪುರ ರಸ್ತೆಯುದ್ದಕ್ಕೂ ಗೊಣಗಿದರು. ನನಗಿದ್ದ ಸಮಾಧಾನ ಅದೊಂದೇ.

ಶುಕ್ರವಾರ ಕೂಸು ಬಂದು ಆಂಟಿಯ ಅಣ್ಣನ ಮನೆಯ ರಾಗಿಯ ಮೇಲೆ ಮಲಗಿತು. ನೋಡಲು ಬಂದವರಿಗೆಲ್ಲ ಆಂಟಿ ದಿಂಬಿನ ಕಥೆ ಹೇಳಿದರು. ಆಮೇಲೆ ನಾವು ಆ ಮನೆ ಬಿಟ್ಟು ಬನಶಂಕರಿಗೆ ಬಂದೆವು. ಹಬ್ಬಕ್ಕೆ ಹೋದಾಗ ಈಗಲೂ ಆ ಕಥೆ ನಡೆಯುತ್ತದೆ. ಅದರಲ್ಲಿ ಇಲಿ ಇದೆ, ಅಂಗಡಿ ಇದೆ, ಕಳ್ಳನಂತೆ ಅಟ್ಟದಲ್ಲಿ ಕೂತು ದಿಂಬು ಹೊಲಿಯುವ ಅಂಕಲ್ ಇದ್ದಾರೆ. ನನ್ನ ಭಾಗ ಮಾತ್ರ ವರ್ಷದಿಂದ ವರ್ಷಕ್ಕೆ ಸವೆದು, ಈಗ "ಅದ್ಯಾಕೋ ಒಂದಿನ ದಿಂಬು ನೆಂದುಬಿಡ್ತು" ಎಂಬಲ್ಲಿಗೆ ಬಂದು ನಿಂತಿದೆ. ಮಷೀನಿನ ಗುಂಡಿ ಒತ್ತಿದವನು ನಾನು, ಅದರ ಮೇಲೆ ಕೂತಿದ್ದವನೂ ನಾನೇ ಎಂದು ಪ್ರತಿಸಲ ನಡುವೆ ಬಾಯಿ ಹಾಕುತ್ತೇನೆ.

"ಹೌದಾ? ಇರ್ಬೋದು ಬಿಡಿ ಸಾರ್," ಎನ್ನುತ್ತಾರೆ ಆಂಟಿ. "ಕಾಫಿ ಆರ್ತಾ ಇದೆ, ಕುಡೀರಿ."