ಟ್ರಾಲಿಯ ದೀಪವೂ ನನ್ನ ಜಾಣತನವೂ

"ಇಷ್ಟಕ್ಕೆಲ್ಲಾ ಮೆಕ್ಯಾನಿಕ್ ಯಾಕ? ನಾ ಇಲ್ಲೇನು?" ಎಂದು ನಾನು ಘೋಷಿಸಿದೆ. ಮನೆಯ ಮಿಕ್ಸರ್ ಬಿಚ್ಚಿದ ಅನುಭವ ನನಗಿತ್ತು. ಮತ್ತೆ ಜೋಡಿಸಿದವರು ಬೇರೆಯವರು, ಆ ಮಾತು ಬೇರೆ.

ಹೆಂಡತಿ ಶಾಂತಾಳ ತವರು ರಾಣೆಬೆನ್ನೂರಿನ ಕಡೆ. ತೀರಿಹೋದ ಅವಳ ಅವ್ವ ಸಾಕಿದ ಆಕಳು ಗೌರಿ ಅಲ್ಲೇ ಇತ್ತು. ಅವಳ ಅಣ್ಣ ದನಗಳನ್ನು ಮಾರಿ ಅಂಗಡಿ ಹಾಕುವವನಿದ್ದ. ಸಂಜೆಯೊಳಗೆ ನಾವು ಹೋಗಿ ತರದಿದ್ದರೆ ಗೌರಿ ಬೇರೆಯವರ ಪಾಲು. ಅದಕ್ಕೇ ಕರ್ಜಗಿಯ ನಮ್ಮ ಅಂಗಳದಲ್ಲಿ ಬೆಳಿಗ್ಗೆಯೇ ಹೊಸ ಪಿಕಪ್‌ಗೆ ಟ್ರಾಲಿ ಕಟ್ಟಿ, ಟ್ರಾಲಿ ಎಳೆಯುವ ಮೋಡ್‌ನ ಗುಂಡಿ ಒತ್ತಿದೆ. 'ವೈರಿಂಗ್ ಪರೀಕ್ಷಿಸಿ' ಎಂದಿತು ಪರದೆ. ಬ್ರೇಕ್ ತುಳಿದರೆ ಟ್ರಾಲಿಯ ಎಡ ಇಂಡಿಕೇಟರ್ ಕಣ್ಣು ಹೊಡೆಯಿತು.

ಫ್ಯೂಸ್ ಡಬ್ಬಿಗೆ ಕೈ ಹಾಕಿದೆ. ಎಲ್ಲವನ್ನೂ ಕಿತ್ತು, ಒರೆಸಿ, ಬಣ್ಣಕ್ಕೆ ಬಣ್ಣ ಹೊಂದುವಂತೆ ಚಂದವಾಗಿ ಜೋಡಿಸಿದೆ. ಈಗ ಹಾರ್ನೂ ಸತ್ತಿತು!

"ಬ್ರೇಕ್ ಹಿಡಿಯದ ಹೋಗ್ರಿ, ಯಾರಿಗೂ ಗೊತ್ತಾಗಂಗಿಲ್ಲ," ಎಂದು ಪಕ್ಕದ ಮನೆಯ ಬಸಣ್ಣ ಸಲಹೆ ಕೊಟ್ಟ.

ಶಾಂತಾ ಕಟ್ಟೆಯ ಮೇಲೆ ಕುಳಿತಿದ್ದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಆಗದಿದ್ರ ಬಿಡ್ರಿ. ಅಣ್ಣಗ ಮಾರಿಬಿಡು ಅಂತ ಫೋನ್ ಮಾಡ್ತೇನಿ," ಎಂದಳು. ದನಿ ನಡುಗಿತು.

ಆದರೂ ಅವಳ ಮನಸ್ಸು ತಡೆಯಲಿಲ್ಲ. ಎದ್ದು ಬಂದು, ಟ್ರಾಲಿಯ ಪ್ಲಗ್ ಎಳೆದು, ಪಿಕಪ್ ಹಿಂದಿನ ಸಾಕೆಟ್‌ನಲ್ಲಿ ಇಣುಕಿದಳು.

"ಏನ್ರಿ, ಇದರೊಳಗ ಕುಂಕುಮ ಯಾರು ತುಂಬ್ಯಾರ?"

ನಾನೇ. ಖಂಡೇನವಮಿಯಂದು ಗಾಡಿ ಪೂಜೆ ಮಾಡುವಾಗ ಯಾವ ಭಾಗಕ್ಕೂ ಅನ್ಯಾಯವಾಗಬಾರದೆಂದು, ಈ ಸಾಕೆಟ್‌ನ ಮುಚ್ಚಳವನ್ನೂ ತೆಗೆದು, ಅರಿಷಿಣ ಕುಂಕುಮ ಕಲಸಿ ಒಂದೊಂದು ಪಿನ್ನಿಗೂ ಭಕ್ತಿಯಿಂದ ಬಳಿದಿದ್ದೆ. ಒಣಗಿ ಗಾರೆಯಾಗಿತ್ತು.

ಅವಳು ಗಾಡಿಯ ಚಾವಿ ತೆಗೆಸಿ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿದಳು. ಟ್ರಾಲಿಯ ದೀಪಗಳೆಲ್ಲ ಸರಿಯಾಗಿ ಹತ್ತಿದವು.

"ಫ್ಯೂಸ್ ಎಲ್ಲಿ ಯಾವುದು ಅಂತ ಡಬ್ಬಿ ಮುಚ್ಚಳದಾಗ ಚಿತ್ರ ಐತಲ್ರಿ," ಎಂದು ಹಾರ್ನನ್ನೂ ಅವಳೇ ಬದುಕಿಸಿದಳು.

ಸಂಜೆಗೆ ಗೌರಿ ನಮ್ಮ ಅಂಗಳಕ್ಕೆ ಬಂದಳು. ಟ್ರಾಲಿಯಿಂದ ಇಳಿದವಳೇ ಶಾಂತಾಳ ಕೈ ನೆಕ್ಕಿದಳು. ಶಾಂತಾ ಅವಳ ಕೊರಳಿಗೆ ಮುಖವಿಟ್ಟು, "ಅವ್ವನ ವಾಸನಿ ಬರ್ತದ್ರಿ," ಎಂದು ಅತ್ತಳು. ನನಗೂ ಕಣ್ಣು ತುಂಬಿತು. ಇಂಥವಳಿಗೆ ಒಂದು ಆಕಳು ತಂದುಕೊಡಲು ಇಷ್ಟು ರಾಮಾಯಣ ಮಾಡಿದೆನಲ್ಲ ಎನಿಸಿತು.

ಆಗ ಬಸಣ್ಣ ಬಂದ. "ಅಕ್ಕಾರ, ನಮ್ಮ ಟ್ರ್ಯಾಕ್ಟರ್ ಲೈಟ್ ಹತ್ತವಲ್ದು. ಒಂಚೂರು ನೋಡ್ತೀರೇನು?"

"ನಡೀರಿ, ನಾನೂ ಬರ್ತೇನಿ," ಎಂದು ಹೊರಟೆ.

"ನೀವು ಬ್ಯಾಡ್ರಿ. ಆಕಳ ಹಿಡ್ಕೊಂಡಿರ್ರಿ," ಎಂದ ಬಸಣ್ಣ.

ಹಿಡಿದುಕೊಂಡೆ. ಗೌರಿ ನನ್ನನ್ನು ಶಾಂತಾಳ ಹಿಂದೆಯೇ ಬಸಣ್ಣನ ಮನೆಯವರೆಗೂ ಎಳೆದುಕೊಂಡು ಹೋದಳು.